ಕಳ್ಳಸ್ವರ

ತಪ್ಪು ಅವಳದ್ದಾಗಿರಲಿ ಎಂದು ಅವನಿಗೆ ಅನ್ನಿಸಿದ್ದು ಬೆಳಿಗ್ಗೆ ಹಲ್ಲುಜ್ಜುವಾಗ. ಬಾಯಿ ತುಂಬ ನೊರೆ, ಕನ್ನಡಿಯಲ್ಲಿ ತನ್ನದೇ ನಿದ್ದೆಗೆಟ್ಟ ಮುಖ, ಪಕ್ಕದ ಕೋಣೆಯಲ್ಲಿ ಹೆಂಡತಿ ಮಗಳ ಕಾಲ್ಚೀಲ ಹುಡುಕುತ್ತ, "ಎರಡೂ ಕಾಲಿಗೆ ಹಾಕ್ಕೊಳ್ಳೋದನ್ನ ಒಂದೇ ಕಡೆ ಬಿಚ್ಚಿಡೋಕೆ ಏನು ಕಷ್ಟ ನಿಂಗೆ" ಎಂದು ಗದರುತ್ತಿದ್ದಳು. ಇಷ್ಟರ ನಡುವೆ, ಕರೆಯದೆ ಬಂದ ನೆಂಟನ ಹಾಗೆ, ಆ ಆಸೆ ಬಂದು ಕೂತುಬಿಟ್ಟಿತು. ಅವನು ಉಗುಳಿ ಬಾಯಿ ತೊಳೆದ. ಆಸೆ ಹೋಗಲಿಲ್ಲ. ಅವಳು ಬಾಗಿಲಿನಿಂದ ಇಣುಕಿ, "ಇನ್ನೂ ಉಜ್ಜಿದ್ರೆ ಹಲ್ಲು ಉಳಿಯಲ್ಲ, ಬಾ ತಿಂಡಿಗೆ" ಎಂದಾಗ, ಕದ್ದು ಸಿಕ್ಕಿಬಿದ್ದವನಂತೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿಕೊಂಡ.

ಗಂಡ ಹೆಂಡತಿ ಇಬ್ಬರದೂ ಒಂದೇ ಕೆಲಸ, ಒಂದೇ ಪ್ರಯೋಗಾಲಯ. ಸೂರ್ಯನ ಹೊಟ್ಟೆಯಲ್ಲಿ ನಡೆಯುವ ಪರಮಾಣು ಸಮ್ಮಿಲನವನ್ನು ಭೂಮಿಯ ಮೇಲೆ ಒಂದು ಉಕ್ಕಿನ ಪಾತ್ರೆಯೊಳಗೆ ನಡೆಸಬೇಕೆಂದು ಹೊರಟವರಿಗೆ ಮೊದಲು ಬೇಕಾಗುವುದು ಕಾವು. ಪಾತ್ರೆಯೊಳಗಿನ ಪ್ಲಾಸ್ಮಾ ಎಂಬ ವಿದ್ಯುದಾವೇಶದ ಅನಿಲವನ್ನು ಯಾವ ಒಲೆಯ ಮೇಲೂ ಇಟ್ಟು ಕಾಯಿಸಲಾಗದು. ದೂರದಿಂದ ಮೈಕ್ರೋವೇವ್ ಅಲೆಗಳನ್ನು ಹಾಯಿಸಿ ಕಾಯಿಸಬೇಕು. ಆ ಅಲೆ ಹುಟ್ಟಿಸುವ ಜೈರೊಟ್ರಾನ್ ಎಂಬ ಆಳೆತ್ತರದ ಕೊಳವೆ ಇವರು ಮಾಡುವ ವಸ್ತು. ಇದನ್ನು ಅವನು ನೆಂಟರಿಷ್ಟರಿಗೆ ಎಷ್ಟು ಸಲ ಬಿಡಿಸಿ ಹೇಳಿದ್ದರೂ ಅಕ್ಕನ ಮನೆಗೆ ಹೋದಾಗಲೆಲ್ಲ ಭಾವ ಅಡುಗೆಮನೆಯತ್ತ ಕೈ ತೋರಿಸಿ, "ನಮ್ಮ ಮೈಕ್ರೋವೇವ್ ತಟ್ಟೆ ತಿರುಗ್ತಿಲ್ಲ, ಸ್ವಲ್ಪ ನೋಡಪ್ಪ, ನಿಂದೇ ಲೈನು" ಎನ್ನುತ್ತಿದ್ದರು. ಅವನು ಮುಖ ಸಣ್ಣದು ಮಾಡಿಕೊಂಡರೆ, ಅವಳು ಸೆರಗು ಸಿಕ್ಕಿಸಿ ಸ್ಕ್ರೂಡ್ರೈವರ್ ಕೇಳಿ, ಹತ್ತು ನಿಮಿಷದಲ್ಲಿ ತಟ್ಟೆ ತಿರುಗಿಸಿ, ಭಾವನಿಂದಲೇ ಕಾಫಿ ಮಾಡಿಸಿಕೊಂಡು ಕುಡಿದು ಬರುತ್ತಿದ್ದಳು. ಅವಳ ಈ ಗುಣವನ್ನು ಅವನು ಮದುವೆಗೆ ಮುಂಚೆಯೇ ಪ್ರೀತಿಸಿದ್ದ. ಈಗಲೂ ಪ್ರೀತಿಸುತ್ತಾನೆ. ಪ್ರೀತಿಸುತ್ತಲೇ, ಇವತ್ತು ತಪ್ಪು ಅವಳದ್ದಾಗಲಿ ಎಂದು ಬಯಸುತ್ತ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಾನೆ.

ಕೊಳವೆಯಲ್ಲಿ ತುಂಬ ಜನರ ಕೈಕೆಲಸವಿದ್ದರೂ ನಡುಭಾಗ ಮಾತ್ರ ಈ ದಂಪತಿಯದು. ಕೆಳಗಿನಿಂದ ಎಲೆಕ್ಟ್ರಾನುಗಳ ಧಾರೆ ಏರಿ ಬರುತ್ತದೆ; ಮೊದಲು ಅವಳ ಸುರಂಗ, ತಾಮ್ರದ ಬಳೆ, ಪಿಂಗಾಣಿಯ ಬಳೆ, ಮತ್ತೆ ತಾಮ್ರ, ಮತ್ತೆ ಪಿಂಗಾಣಿ ಎಂದು ಒಂದರ ಮೇಲೊಂದು ಪೇರಿಸಿದ ಕಿರುದಾರಿ. ಧಾರೆ ಅಲ್ಲಿ ಉಸಿರೆತ್ತದೆ ಸಾಗಬೇಕು. ಅದನ್ನು ದಾಟಿದ ಮೇಲೆ ಅವನ ಕ್ಯಾವಿಟಿ, ಒಳಮೈ ಕನ್ನಡಿಯಂತೆ ನುಣುಪಾದ ಒಂದು ತಾಮ್ರದ ಗೂಡು. ಅಲ್ಲಿ ಧಾರೆ ತನ್ನ ಕಸುವನ್ನೆಲ್ಲ ಅಲೆಗೆ ಕೊಟ್ಟು ಹಾಡಬೇಕು, ಅದೂ ಒಂದೇ ಸ್ವರದಲ್ಲಿ. ಕಳೆದ ಆರೇಳು ತಿಂಗಳಿಂದ ಈ ಕೊಳವೆ ಎರಡು ಸ್ವರದಲ್ಲಿ ಹಾಡುತ್ತಿದೆ. ಕಸುವು ಏರಿಸಿದೊಡನೆ ಬೇಕಾದ ಸ್ವರದ ಪಕ್ಕದಲ್ಲಿ ಬೇಡದ ಇನ್ನೊಂದು ಎದ್ದು ಧಾರೆಯನ್ನು ಕೆಡಿಸಿ ಎಲ್ಲವನ್ನೂ ನಿಲ್ಲಿಸುತ್ತದೆ. ಅದಕ್ಕೆ ಕಳ್ಳಸ್ವರ ಎಂದು ಹೆಸರಾಯಿತು. ಕಳ್ಳ ಎಲ್ಲಿದ್ದಾನೆ ಎಂದು ತೋರಿಸಬಲ್ಲ ಉಪಕರಣ ರಿಪೇರಿಗೆ ಹೋಗಿತ್ತು. ಅದು ವಾಪಸು ಬರುವವರೆಗೂ ಎಲ್ಲರ ಬೆರಳೂ ಅವನ ಕ್ಯಾವಿಟಿಯ ಕಡೆಗೇ. ಹಾಡುವ ಜಾಗ ಅದೊಂದೇ ಆದ್ದರಿಂದ ಅಪಸ್ವರವೂ ಅಲ್ಲಿಯದ್ದೇ ಎಂದು ಯಾರಾದರೂ ಅಂದುಕೊಳ್ಳುವ ಮಾತೇ. ಅವನೂ ಹಾಗೇ ಅಂದುಕೊಂಡ. ಅಂದುಕೊಂಡು ಊಟ ಬಿಟ್ಟ, ನಿದ್ದೆ ಬಿಟ್ಟ, ಮಗಳ ಲೆಕ್ಕದ ಮನೆಗೆಲಸದಲ್ಲಿ ಎರಡು ಮೂರಲ ಆರೆಂದು ಹೇಳುವ ಮೊದಲು ಕೂಡ ತಡವರಿಸತೊಡಗಿದ. ಪ್ರಯೋಗಾಲಯದಲ್ಲಿ ತನಗೆ ವಿರುದ್ಧವಾಗಿ ಅಂಕಿ ಬಂದಾಗಲೆಲ್ಲ, "ಇನ್ನೊಂದ್ಸಲ ಬಿಡಿ" ಎಂದು ಕೇಳುವುದು ಎಷ್ಟು ರೂಢಿಯಾಯಿತೆಂದರೆ ಬೆನ್ನ ಹಿಂದೆ ಅವನ ಹೆಸರೇ 'ಇನ್ನೊಂದ್ಸಲ' ಎಂದಾಗಿತ್ತು. ಅದು ಅವನ ಕಿವಿಗೂ ಬಿದ್ದಿತ್ತು.

ಆ ದಿನಗಳಲ್ಲಿ ಅವಳು ಅವನನ್ನು ನೋಡಿಕೊಂಡ ರೀತಿ ನೆನೆದರೆ ಬಸ್ಸಿನಲ್ಲಿ ಕೂತಿದ್ದರೂ ಅವನು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಳ್ಳುತ್ತಾನೆ. ತಟ್ಟೆಗೆ ತಾನೇ ಬಡಿಸಿ ಎದುರು ಕೂತು ಉಣ್ಣಿಸಿದ್ದಳು. ಸಭೆಯಲ್ಲಿ ಯಾರೋ ಅವನ ಲೆಕ್ಕವನ್ನು ಗೇಲಿ ಮಾಡಿದಾಗ, "ನಗೋರು ಮೊದಲು ಆ ಲೆಕ್ಕ ಮಾಡಿ ತೋರಿಸ್ಲಿ, ಆಮೇಲೆ ಎಲ್ಲರೂ ಸೇರಿ ನಗೋಣ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು. ಭಾನುವಾರ ಅವನು ಗೋಡೆ ನೋಡುತ್ತ ಮಲಗಿದ್ದರೆ ಮಗಳನ್ನು ಸೈಕಲ್ ಕಲಿಸಲು ಕರೆದೊಯ್ದು ಮನೆಯನ್ನು ಅವನಿಗೂ ಅವನ ಮೌನಕ್ಕೂ ಬಿಟ್ಟುಕೊಟ್ಟಿದ್ದಳು. ಎಲ್ಲ ಮಾಡಿದಳು, ಒಂದನ್ನು ಬಿಟ್ಟು. ಅವನು ಒಂದು ಸಂಜೆ ಬಟ್ಟೆ ಮಡಿಸುತ್ತ, "ನನ್ನದೇ ಅಂತೀಯಾ?" ಎಂದು ಕೇಳಿದ್ದ. ಕೇಳಿದ್ದು ಉತ್ತರಕ್ಕಲ್ಲ, ಅಲ್ಲ ಎನ್ನಿಸಿಕೊಳ್ಳಲು. ಅವಳು ದಿಂಬಿನ ಕವಚದ ನಾಲ್ಕೂ ಮೂಲೆ ಸರಿಯಾಗಿ ಕೂಡಿಸಿ, "ಗೊತ್ತಿಲ್ಲ. ಇರಬಹುದು" ಎಂದಳು. ಎಂದು ಅವನ ತಲೆ ನೇವರಿಸಿದಳು. ಆ 'ಇರಬಹುದು' ಅವನೊಳಗೆ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಇಡೀ ಜಗತ್ತು ಅಂದರೆ ಅನ್ನಲಿ, ಇವಳು ಒಂದು ಸುಳ್ಳು ಹೇಳಬಾರದಿತ್ತೇ?

ಬಸ್ಸು ಇಳಿದು ಗೇಟಿನೊಳಗೆ ಕಾಲಿಟ್ಟ ಕೂಡಲೇ ಇಬ್ಬರೂ ಒಬ್ಬರಿಗೊಬ್ಬರು 'ನೀವು' ಆಗುತ್ತಾರೆ. ಅದು ಅವರೇ ಮಾಡಿಕೊಂಡ ಕಟ್ಟುಪಾಡು. ಮನೆಯ ಜಗಳ ಇಲ್ಲಿಗೆ, ಇಲ್ಲಿಯ ಜಗಳ ಮನೆಗೆ ಬರಬಾರದೆಂದು. "ನೀವು ಹೋಗಿರಿ, ನಾನು ಪಂಪಿನ ಒತ್ತಡ ನೋಡಿ ಬರ್ತೀನಿ" ಎಂದು ಅವಳು ಬೇಗ ಬೇಗ ನಡೆದಳು. ಅವಳ ಬೆನ್ನಿನ ಮೇಲೆ ಮಗಳು ಅಂಟಿಸಿದ ಒಂದು ಕಾಗದದ ನಕ್ಷತ್ರ ಇನ್ನೂ ಹಾಗೇ ಇತ್ತು. ಕರೆದು ತೆಗೆಯಬೇಕೆಂದುಕೊಂಡ; ತೆಗೆಯಲಿಲ್ಲ. ಅಂಟಿಸಿಕೊಂಡೇ ಓಡಾಡಲಿ ಎಂಬ ಸಣ್ಣತನವೋ, ಅದು ಅವಳಿಗೆ ಚೆನ್ನಾಗಿ ಕಾಣುತ್ತಿತ್ತೋ, ಅವನಿಗೇ ಬಗೆಹರಿಯಲಿಲ್ಲ. ಈಚೆಗೆ ಅವನ ಯಾವ ಭಾವನೆಯೂ ಒಂದೇ ಸ್ವರದಲ್ಲಿರುತ್ತಿರಲಿಲ್ಲ.

ನಿಯಂತ್ರಣ ಕೊಠಡಿಯಲ್ಲಿ ಆಗಲೇ ಇಬ್ಬರಿದ್ದರು. ಒಬ್ಬರು ತಂಡದ ಮುಖ್ಯಸ್ಥರು; ಎಲ್ಲರಿಗೂ ಅವರು ದೊಡ್ಡವರು. ಇನ್ನೊಬ್ಬ ಕೊಳವೆಗೆ ವಿದ್ಯುತ್ತು ಕೊಡುವವ, ಎಷ್ಟೋ ಸಾವಿರ ವೋಲ್ಟುಗಳೊಡನೆ ದಿನವೂ ಏಗಿ ಏಗಿ ಸಿಡಿಲಪ್ಪ ಎಂಬ ಅಡ್ಡಹೆಸರು ಗಳಿಸಿದವನು. ಗಾಜಿನಾಚೆ ದೊಡ್ಡ ಹಾಲಿನಲ್ಲಿ ಅಯಸ್ಕಾಂತದ ಮಡಿಲಲ್ಲಿ ಕೊಳವೆ ನೆಟ್ಟಗೆ ನಿಂತಿತ್ತು, ಸುತ್ತ ನೀರಿನ ಪೈಪುಗಳು. ರಿಪೇರಿಯಾಗಿ ಬಂದ ಉಪಕರಣ ಮೇಜಿನ ಮೇಲಿತ್ತು. ಪರೀಕ್ಷೆ ಸರಳ. ಗಂಟೆಯನ್ನು ಮೆಲ್ಲಗೆ ಬಾರಿಸಿದರೂ ಜೋರಾಗಿ ಬಾರಿಸಿದರೂ ಅದರ ಸ್ವರ ಬದಲಾಗದು. ಕ್ಯಾವಿಟಿ ಅಂಥ ಗಂಟೆ. ಅಯಸ್ಕಾಂತದ ಬಲವನ್ನು ಒಂದೊಂದೇ ಹೆಜ್ಜೆ ತಗ್ಗಿಸುತ್ತ ಹೋದಾಗ ಕಳ್ಳಸ್ವರ ಅಲ್ಲಾಡದೆ ನಿಂತಿದ್ದರೆ ಕಳ್ಳ ಇರುವುದು ಕ್ಯಾವಿಟಿಯಲ್ಲಿ, ಅವನದು. ಸ್ವರ ಅಯಸ್ಕಾಂತದ ಜೊತೆ ತಾನೂ ಕೆಳಗೆ ಜಾರುತ್ತ ಬಂದರೆ ಕಳ್ಳ ಸುರಂಗದಲ್ಲಿ, ಅವಳದು. ಅವನದಾದರೆ ಕ್ಯಾವಿಟಿ, ಅವಳದಾದರೆ ಸುರಂಗ. ಯಾವುದೇ ಆದರೂ ಕೊಳವೆಯನ್ನು ಕೊಯ್ದು ಹೊಸದಾಗಿ ಕಟ್ಟಬೇಕು, ಮತ್ತೊಂದು ವರ್ಷ ಎಲ್ಲರ ಕಣ್ಣಲ್ಲೂ ಆ ಒಬ್ಬರು ಕೊಳವೆ ಕೆಡಿಸಿದವರಾಗಿ ಬದುಕಬೇಕು.

ದೊಡ್ಡವರದೊಂದು ಪದ್ಧತಿಯಿತ್ತು. ಅಯಸ್ಕಾಂತದ ಗುಂಡಿ ತಿರುಗಿಸುವವರು ಅಂಕಿ ನೋಡಬಾರದು, ಅಂಕಿ ಓದುವವರು ಗುಂಡಿ ಮುಟ್ಟಬಾರದು. ಕಣ್ಣು ಬಯಸಿದ ಕಡೆಗೆ ಕೈ ತನಗೆ ತಿಳಿಯದೆ ವಾಲುತ್ತದೆ ಎನ್ನುತ್ತಿದ್ದರು ಅವರು. ಗುಂಡಿ ಅವಳದು. ಓದುವ ಸರದಿ ಅವನದು. ಬೇರೆ ಯಾರಾದರೂ ಓದಲಿ ಎನ್ನಬಹುದಿತ್ತು. ಅವನು ಅನ್ನಲಿಲ್ಲ, ಅವಳೂ ಅನ್ನಲಿಲ್ಲ. ಅವಳು ಪರದೆಗೆ ಬೆನ್ನು ಮಾಡಿ ಕೂತಳು. ನಕ್ಷತ್ರ ಅವನ ಕಣ್ಣೆದುರಿಗೇ ಬಂತು.

"ಬಿಡ್ಲಾ?" ಎಂದ ಸಿಡಿಲಪ್ಪ, ವಿದ್ಯುತ್ತಿನ ಸ್ವಿಚ್ಚಿನ ಮೇಲೆ ಕೈಯಿಟ್ಟು.

"ಬಿಡಪ್ಪ," ಎಂದರು ದೊಡ್ಡವರು.

ಹಾಲಿನಲ್ಲಿ ಕೆಂಪು ದೀಪ ಮಿನುಗಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದು ಪರದೆಯ ಮೇಲೆ ಕಳ್ಳಸ್ವರದ ಅಂಕಿ ನಿಂತಿತು. ದಶಮಾಂಶ ಬಿಂದುವಿನಿಂದ ಆಚೆಯದನ್ನು ಮಾತ್ರ ಓದುವುದು ರೂಢಿ. "ನಲವತ್ತೊಂದು," ಎಂದು ಓದಿದ. ಅವಳು ಗುಂಡಿ ಒಂದು ಹೆಜ್ಜೆ ತಗ್ಗಿಸಿದಳು. ಅಯಸ್ಕಾಂತ ಹೊಸ ಬಲಕ್ಕೆ ಹೊಂದಿಕೊಳ್ಳಲೆಂದು ಕಾದರು. ಬಿಡ್ಲಾ, ಬಿಡಪ್ಪ. ಪರದೆಯ ಮೇಲೆ ಮೂವತ್ತೆಂಟು. ಜಾರಿತ್ತು. ಅವನ ಎದೆಯೊಳಗೆ ಏನೋ ನೆಗೆಯಿತು. ಅದು ಸಂತೋಷ, ಶುದ್ಧವಾದ, ನಾಚಿಕೆಗೆಟ್ಟ ಸಂತೋಷ. ನನ್ನದಲ್ಲ. ಅಷ್ಟು ದಿನದ ಅನ್ನ, ನಿದ್ದೆ, ಹೆಸರು ಎಲ್ಲ ಒಟ್ಟಿಗೆ ವಾಪಸು ಬಂದ ಹಾಗಾಯಿತು. ಅದರ ಬೆನ್ನಿಗೇ ಇನ್ನೊಂದು ಬಂತು, ಹೆದರಿಕೆ. ಈಗ ಇವಳು ಗೋಡೆ ನೋಡುತ್ತ ಮಲಗುತ್ತಾಳೆ. ಆಗ ತಟ್ಟೆಗೆ ಬಡಿಸಿ ಎದುರು ಕೂರಬೇಕಾದವನು ತಾನು, ಸಭೆಯಲ್ಲಿ ಎದ್ದು ಮುಖಕ್ಕೆ ಹೊಡೆದಂತೆ ಮಾತಾಡಬೇಕಾದವನು ತಾನು. ತಾನೋ, ಬಸ್ಸಿನ ಕಂಡಕ್ಟರು ಚಿಲ್ಲರೆ ಕೊಡದಿದ್ದರೂ ಕೇಳದವನು. ನೋಯುವುದು ಅವನಿಗೆ ಕೈವಶವಾಗಿತ್ತು, ಸಂತೈಸುವುದು ಗೊತ್ತಿರಲಿಲ್ಲ. ಮತ್ತೆ, ಇವೆಲ್ಲಕ್ಕೂ ಅಡಿಯಲ್ಲಿ, ಆ ಕಾಗದದ ನಕ್ಷತ್ರವನ್ನು ಹೊತ್ತ ಬೆನ್ನು. ಗುಂಡಿಯ ಮೇಲೆ ಬೆರಳಿಟ್ಟು, ತಲೆ ಸ್ವಲ್ಪ ಓರೆ ಮಾಡಿ, ತನ್ನ ಬಾಯಿಂದ ಬರುವ ಮಾತಿಗೆ ಕಾಯುತ್ತಿದ್ದ ಬೆನ್ನು.

"ನಲವತ್ತೊಂದು," ಎಂದ.

ದೊಡ್ಡವರು ನಿಟ್ಟುಸಿರಿಟ್ಟರು. ಸಿಡಿಲಪ್ಪ ಚ್ಚು ಚ್ಚು ಎಂದು ಸದ್ದು ಮಾಡಿದ. ಅವನಿಗೋ, ಹಳೆಯ ಚಪ್ಪಲಿಯೊಳಗೆ ಕಾಲು ತೂರಿಸಿದಂತೆ ಹಾಯೆನಿಸಿತು. ಎಲ್ಲ ಅಂಕಿಯೂ ಯಂತ್ರದೊಳಗೆ ತಾನಾಗಿ ಉಳಿಯುತ್ತದೆ, ಸಂಜೆ ಯಾರು ತೆಗೆದು ನೋಡಿದರೂ ಗೊತ್ತಾಗುವ ಸುಳ್ಳು, ಮಗಳು ಕೂಡ ಇದಕ್ಕಿಂತ ಜಾಣ ಸುಳ್ಳು ಹೇಳುತ್ತಾಳೆ ಎಂದು ಗೊತ್ತಿದ್ದೂ ನಾಲಿಗೆ ಹಿಂದಕ್ಕೆ ಬರಲಿಲ್ಲ. ಮೂರನೆಯ ಹೆಜ್ಜೆಗೆ ಪರದೆಯ ಮೇಲೆ ಮೂವತ್ತನಾಲ್ಕು. "ನಲವತ್ತು," ಎಂದ, ಸಹಜವಾಗಿರಲೆಂದು ಒಂದು ಕಡಿಮೆ ಮಾಡಿ.

ಅವಳ ಬೆರಳು ಗುಂಡಿಯ ಮೇಲೆ ನಿಂತಿತು. ತಿರುಗಲಿಲ್ಲ. "ಇನ್ನೊಂದ್ಸಲ ಬಿಡಿ ಅನ್ನಲ್ವಾ ನೀವು?" ಎಂದು ಬೆನ್ನು ಮಾಡಿಕೊಂಡೇ ಕೇಳಿದಳು.

ತಿಂಗಳುಗಟ್ಟಲೆ ತನಗೆ ವಿರುದ್ಧವಾದ ಒಂದೊಂದು ಅಂಕಿಗೂ ಇನ್ನೊಂದ್ಸಲ ಎಂದವನು, ಕಟ್ಟಕಡೆಯ ತೀರ್ಪಿನಂಥ ಎರಡು ಅಂಕಿಗಳನ್ನು ಸಲೀಸಾಗಿ ನುಂಗಿಬಿಟ್ಟಿದ್ದ. ಅವಳು ಕುರ್ಚಿ ಸರಿಸಿ ಎದ್ದು ಬಂದು ಪರದೆ ನೋಡಿದಳು. ನೋಡುತ್ತಲೇ ನಿಂತಳು. ಮುಖದ ಬಣ್ಣ ಇಳಿದದ್ದು ಅವನಿಗೆ ಪಕ್ಕದಿಂದಲೇ ಕಂಡಿತು. ಆಮೇಲೆ, ಮದುವೆಯಾದ ಹೊಸದರಲ್ಲಿ ಕೂಡ ಪ್ರಯೋಗಾಲಯದಲ್ಲಿ ಮಾಡದಿದ್ದ ಕೆಲಸ ಮಾಡಿದಳು. ಅವನ ತೋಳು ಹಿಡಿದು, "ಬಾ ಇಲ್ಲಿ ನೀನು" ಎಂದು ಹೊರಗೆ ಎಳೆದುಕೊಂಡು ಹೋದಳು. ದೊಡ್ಡವರು ಕನ್ನಡಕ ತೆಗೆದು ಒರೆಸತೊಡಗಿದರು. ಸಿಡಿಲಪ್ಪ ಮೀಟರನ್ನು ಮೊದಲ ಸಲ ಕಂಡವನಂತೆ ನೋಡತೊಡಗಿದ.

ಹೊರಗೆ ಪಡಸಾಲೆಯಲ್ಲಿ ನೀರಿನ ಪಂಪುಗಳ ಗುಂಯ್ ಸದ್ದು. ಗೋಡೆಗೆ ಒರಗಿಸಿದ್ದ, ಹಳೆಯ ಕೊಳವೆಗಳು ಬಂದಿದ್ದ ಖಾಲಿ ಮರದ ಪೆಟ್ಟಿಗೆಗಳು. ಬೈಯುತ್ತಾಳೆ ಎಂದುಕೊಂಡಿದ್ದ. ಬೈದಿದ್ದರೆ ಸುಲಭವಿತ್ತು.

"ಯಾಕೆ?" ಎಂದಳು.

"ಗೊತ್ತಿಲ್ಲ."

"ಗೊತ್ತಿರೋಷ್ಟು ಹೇಳು."

"ಮೊದಲು ಖುಷಿಯಾಯ್ತು," ಎಂದ. ಇದನ್ನು ಹೇಳಿಬಿಡುತ್ತೇನೆಂದು ಅವನಿಗೆ ಗೊತ್ತಿರಲಿಲ್ಲ. "ನಿಂದು ಅಂತ ಗೊತ್ತಾದ ತಕ್ಷಣ. ಬೆಳಿಗ್ಗೆಯಿಂದ್ಲೂ ನಿಂದೇ ಆಗ್ಲಿ ಅಂದ್ಕೋತಿದ್ದೆ. ಆಮೇಲೆ ನಿನ್ನ ಬೆನ್ನು ನೋಡಿದೆ. ಓದೋಕಾಗ್ಲಿಲ್ಲ."

ಅವಳು ನಕ್ಕಳು. ಅರ್ಧ ನಗು, ಮೂಗಿನಲ್ಲಿ. "ಖುಷಿ ಆಗ್ದೆ ಇರುತ್ತಾ. ಅಷ್ಟು ದಿನ ಹೊತ್ಕೊಂಡಿದ್ದೀಯ." ಮತ್ತೆ ಗಂಭೀರಳಾದಳು. "ನಾನು ಒಂದು ದಿನ ಆದ್ರೂ ನಿಂಗೆ, ನಿಂದಲ್ಲ ಬಿಡು ಅಂದಿದ್ನಾ?"

"ಇಲ್ಲ." ಮುಳ್ಳು ಇನ್ನೂ ಅಲ್ಲೇ ಇತ್ತು. "ಅನ್ಬೋದಿತ್ತು."

"ದಿನಾ ಬಾಯಿಗೆ ಬರೋದು. ನೀನು ಗೋಡೆ ನೋಡ್ಕೊಂಡು ಮಲಗಿದ್ಯಲ್ಲ, ಎಷ್ಟು ಸಲ ಬಾಗಿಲಿಗೆ ಬಂದು ನಿಂತಿದೀನಿ ಗೊತ್ತಾ. ಒಂದು ಮಾತು ಅಂದ್ರೆ ಏಳ್ತಾನೆ ಅಂತ ಗೊತ್ತಿತ್ತು. ಅಂದುಬಿಟ್ಟಿದ್ರೆ, ಆಮೇಲೆ ನಿಜವಾಗ್ಲೂ ನಿಂದಲ್ಲ ಅಂತ ಬಂದಾಗ ನಿಂಗೆ ಯಾರು ಹೇಳ್ಬೇಕಿತ್ತು? ನನ್ನ ಮಾತು ಆಗ ಯಾವ ಕೆಲಸಕ್ಕೆ ಬರೋದು? ಅದಕ್ಕೆ ಬಾಯಿ ಬಿಗಿ ಹಿಡ್ಕೊಂಡು ಸಾರು ಬಡಿಸ್ತಿದ್ದೆ. ಸುಲಭ ಇತ್ತು ಅಂದ್ಕೊಂಡ್ಯಾ?"

ಅವನು ಪೆಟ್ಟಿಗೆಯೊಂದರ ಮೊಳೆಯನ್ನು ಬೆರಳಿನಿಂದ ಒತ್ತುತ್ತ ನಿಂತ. ಬಾಗಿಲಿನ ಬಳಿ ಬಂದು, ಮಾತನ್ನು ಹಲ್ಲಿನ ಹಿಂದೆ ತಡೆದು, ಸದ್ದಾಗದಂತೆ ಹಿಂದಿರುಗಿದ ಅವಳನ್ನು ಕಲ್ಪಿಸಿಕೊಂಡ. ತಾನು ಆಗ ಗೋಡೆಯ ಮೇಲಿನ ಬಿರುಕು ನೋಡುತ್ತಿದ್ದ, ಇವಳಿಗೆ ನನ್ನ ಮೇಲೆ ನಂಬಿಕೆಯಿಲ್ಲ ಎಂದು ಕೊರಗುತ್ತಿದ್ದ. ಅವಳು ನಂಬಿದ್ದು, ಅವನಿಗೆ ನಿಜ ತಡೆದುಕೊಳ್ಳುವ ಶಕ್ತಿಯಿದೆ ಎಂದು. ಅವನೋ, ಅವಳಿಗೆ ಅಷ್ಟು ಕೂಡ ಮರ್ಯಾದೆ ಕೊಟ್ಟಿರಲಿಲ್ಲ. ಅವನಿಗೆ ಆ ಕ್ಷಣದಲ್ಲಿ ಅವಳ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಬಂತು, ಅದರ ಜೊತೆಗೆ ಭೂಮಿಗಿಳಿಯುವಷ್ಟು ನಾಚಿಕೆ.

"ಬಳೆ ಎಲ್ಲ ಒಂದೇ ದಪ್ಪ ಇರ್ಲಿ ಅಂತ ಹಟ ಮಾಡಿದ್ದು ನಾನು," ಎಂದಳು ಅವಳು, ಅವನಿಗಲ್ಲ, ಪಂಪಿನ ಕಡೆಗೆ. "ಬೆಸುಗೆ ಚೆನ್ನಾಗಿ ಕೂರುತ್ತೆ ಅಂತ. ಅಲ್ಲೇ ಎಡವಿದೀನಿ. ದಪ್ಪ ಒಂದೊಂದೂ ಬೇರೆ ಬೇರೆ ಇದ್ದಿದ್ರೆ ಕಳ್ಳಸ್ವರ ಹುಟ್ಕೊಳ್ತಿರ್ಲಿಲ್ಲ." ಮತ್ತೆ ಅವನತ್ತ ತಿರುಗಿದಳು. "ನೋಡು, ಅದು ನನ್ನ ತಪ್ಪು. ನಾನು ಮಾಡಿದ್ದು. ನಿಂಗೆ ಅಭ್ಯಾಸ ಆಗಿದೆ ಅಂತ ಅದನ್ನೂ ನೀನೇ ಎತ್ತಿಟ್ಕೊಂಡ್ರೆ ನಾನೇನು ಮಾಡ್ಲಿ? ಕೊಡು ಅದನ್ನ. ಒಳಗೆ ಬಂದು ಮೊದಲಿಂದ ಓದು. ಒಂದೂ ಬಿಡದೆ."

"ನಿಂಗೆ ಕಷ್ಟ ಆಗುತ್ತೆ."

"ಆಗುತ್ತೆ," ಎಂದಳು. "ಆಗ್ದೆ ಇರೋಕೆ ನಾನೇನು ತಾಮ್ರನಾ?"

ಒಳಗೆ ಹೋದಾಗ ಅವನು ದೊಡ್ಡವರ ಮುಂದೆ ನಿಂತು, "ಎರಡು ಅಂಕಿ ತಪ್ಪು ಓದಿದೆ, ಸರ್. ಬೇಕಂತಲೇ," ಎಂದ. ಕೊನೆಯ ಮಾತು ಸೇರಿಸುವ ಅಗತ್ಯವಿರಲಿಲ್ಲ, ಸೇರಿಸಿದ. ದೊಡ್ಡವರು ಅವನನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. "ಬೇರೆಯೋರು ಓದ್ಲೇನಪ್ಪ?" ಎಂದರು.

"ಬೇಡ ಸರ್, ಅವರೇ ಓದ್ಲಿ," ಎಂದಳು ಅವಳು. ಕೂತಳು, ಪರದೆಗೆ ಬೆನ್ನು ಮಾಡಿ, ಮೊದಲಿನ ಹಾಗೇ. ಗುಂಡಿಯನ್ನು ಹಿಂದಕ್ಕೆ ತಂದಳು.

"ಗಂಡ ಹೆಂಡ್ತಿ ಜಗಳದಲ್ಲಿ ನನ್ನ ಟ್ರಾನ್ಸ್‌ಫಾರ್ಮರ್ ತಣ್ಣಗಾಯ್ತು," ಎಂದು ಸಿಡಿಲಪ್ಪ ಗೊಣಗಿದ. ಯಾರೂ ನಗಲಿಲ್ಲವಾದರೂ ಕೊಠಡಿ ಸ್ವಲ್ಪ ಹಗುರವಾಯಿತು. "ಬಿಡ್ಲಾ?"

ನಲವತ್ತೊಂದು. ಮೂವತ್ತೆಂಟು. ಮೂವತ್ತನಾಲ್ಕು. ಅವನು ಓದಿದ, ಅವಳು ತಿರುಗಿಸಿದಳು. ಮೊದಮೊದಲು ಮೆತ್ತಗೆ ಓದುತ್ತಿದ್ದ, ಗಾಯದ ಮೇಲೆ ಮುಲಾಮು ಹಚ್ಚುವವರ ಹಾಗೆ. "ಕೇಳಿಸ್ತಿಲ್ಲ," ಎಂದಳು. ಅವನು ದನಿ ಎತ್ತಿದ. ಮೂವತ್ತೊಂದು. ಸ್ವರ ಒಂದೊಂದೇ ಹೆಜ್ಜೆ ಇಳಿಯುತ್ತ ಬರುತ್ತಿತ್ತು. ಇಪ್ಪತ್ತೇಳು ಬರುವ ಹೊತ್ತಿಗೆ ಕೊಠಡಿಯಲ್ಲಿದ್ದ ಯಾರಿಗೂ ಇನ್ನು ಸಂಶಯವಿರಲಿಲ್ಲ. ಇಂಥ ಸ್ಪಷ್ಟವಾದ ಉತ್ತರ ವರ್ಷಕ್ಕೊಮ್ಮೆ ಸಿಕ್ಕರೆ ಪುಣ್ಯ. ಬೇರೆ ದಿನವಾಗಿದ್ದರೆ ಇಬ್ಬರೂ ಮನೆಗೆ ಹೋಗುವ ದಾರಿಯುದ್ದಕ್ಕೂ ಇದನ್ನೇ ಮಾತಾಡಿ ನಿಲ್ದಾಣ ತಪ್ಪಿಸಿಕೊಳ್ಳುತ್ತಿದ್ದರು.

"ಸಾಕಲ್ಲಮ್ಮ," ಎಂದರು ದೊಡ್ಡವರು ಮೆಲ್ಲಗೆ. "ಗೊತ್ತಾಯ್ತಲ್ಲ."

"ಇನ್ನೂ ಎರಡು ಹೆಜ್ಜೆ ಇದೆ ಸರ್. ಮುಗಿಸಿಬಿಡೋಣ."

ಅವಳ ದನಿ ಒದ್ದೆಯಾಗಿತ್ತು. ಬೆನ್ನು ಮಾತ್ರ ನೆಟ್ಟಗಿತ್ತು. ಅವನಿಗೆ ಎದ್ದು ಹೋಗಿ ಅವಳ ಭುಜದ ಮೇಲೆ ಕೈಯಿಡಬೇಕೆನಿಸಿತು, ಪರದೆಯನ್ನು ಆರಿಸಿಬಿಡಬೇಕೆನಿಸಿತು, ಯಂತ್ರ ಕೆಟ್ಟಿದೆ ಎನ್ನಬೇಕೆನಿಸಿತು. ಏನೂ ಮಾಡದೆ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ; ಒಂದು ಅಂಕಿಯೂ ತಪ್ಪಬಾರದು. ಬಿಡ್ಲಾ, ಬಿಡಪ್ಪ. ಕೆಂಪು ದೀಪ ಮಿನುಗಿ ಆರಿತು. ಅಂಕಿ ಬಂತು. ಅವಳು ತಿರುಗದೆ ಕೈಹಿಂಬದಿಯಿಂದ ಕಣ್ಣೊರೆಸಿಕೊಂಡು, ಮತ್ತೆ ಗುಂಡಿ ಹಿಡಿದು ಕಾದಳು.

ಅವನು ಇಡೀ ಕೊಠಡಿಗೆ ಕೇಳುವ ಹಾಗೆ, ಇದ್ದದ್ದನ್ನು ಇದ್ದಂತೆ ಓದಿದ.